ಕಂಪನಿ ಕೊಡಾಕ ಬಂದವರು

(ಮಡಗಾಂವ್ ಮಾರುಕಟ್ಟೆ. ಚಹಾದಂಗಡಿ.)

ಬಸ್ಯಾ: ಕಾಕಾ, ಬೀಚಿನ ಶ್ಯಾಕು ಹೋಟ್ಲು ಫಾರಿನ್ ಸಾಹೇಬ್ರು ಕೊಂಡ್ರಂತ?

ಕಾಕಾ: ಕೊಳ್ಳಾಕ ಬರಂಗಿಲ್ಲೋ ತಮ್ಮಾ. ಲೈಸೆನ್ಸು ಗೋವಾದವರಿಗಷ್ಟ, ಇನ್ನೊಬ್ಬರಿಗೆ ಬಾಡಿಗಿ ಕೊಡೂದೂ ನಿಷೇಧ.

ಬಸ್ಯಾ: ಮತ್ತ ಗಲ್ಲಾದ ಮ್ಯಾಲ ಅವರ ಕುಂತಾರ?

ಕಾಕಾ: ಗೆಳೆಯರು. ಕಂಪನಿ ಕೊಡಾಕ ಬಂದಾರ.

ಬಸ್ಯಾ: ಆರಾರು ತಿಂಗಳು ಇಲ್ಲೇ ಇರತಾರ. ಮನಿಯರ ಕೊಳ್ಳಬಹುದಲ್ಲ?

ಕಾಕಾ: 1999ರ ಫೆಮಾ, ಅಂದ್ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಬರೀ ದಿನ ಎಣಸಂಗಿಲ್ಲ. ಹಿಂದಿನ ಹಣಕಾಸು ವರ್ಷದಾಗ 182 ದಿನ ದಾಟಿರಬೇಕು ಖರೆ. ಆದ್ರ ಯಾಕ ಬಂದೀರಿ ಅಂತನೂ ಕೇಳತೈತಿ. ಪ್ರವಾಸಿ ವೀಸಾದಾಗ ಬಂದವ ಎಷ್ಟು ಕುಂತರೂ ತಿರುಗಾಡಾಂವನ.

ಬಸ್ಯಾ: ಕಂಪನಿ ತೆರೆದು ಕೊಂಡ್ರ?

ಕಾಕಾ: ಕಂಪನಿಗೆ ಧಂದೆ ಬೇಕು. ಹಾಸಿಗಿ ಹಾಸೂದು ಧಂದೆ ಅಲ್ಲ.

ಬಸ್ಯಾ: ಪಾಪ, ರೊಕ್ಕ ಕೊಟ್ಟಾರಲ್ಲ!

ಕಾಕಾ: ಮರಳಿಗೆ ಹಾಕಿದ ರೊಕ್ಕ ಮರಳಿ ಬರಂಗಿಲ್ಲ.