ರಾಯರ ಹೆಡ್‌ಲೈಟು

ಪ್ರತಿ ಬಡಾವಣೆಯಲ್ಲೂ ಹಳೇ ಕಾರಿನ ಯಜಮಾನರೊಬ್ಬರು ಇದ್ದೇ ಇರುತ್ತಾರೆ. ನಮ್ಮಲ್ಲಿ ರಾಯರು. ಕಾರು 1968ರ ಮಾರ್ಕ್ ಟೂ ಅಂಬಾಸಿಡರ್. ಬೆಳಿಗ್ಗೆ ಬನಿಯನ್ನಿನಲ್ಲೇ ಹೊರಗೆ ಬಂದು ಹಳೇ ಪಂಚೆಯ ತುಂಡಿನಿಂದ ಬಾನೆಟ್ ಒರೆಸುತ್ತಿರುತ್ತಾರೆ. ಗೇಟಿನ ಮುಂದೆ ಯಾರಾದರೂ ಒಂದು ಗಳಿಗೆ ನಿಂತರೆ ಸಾಕು, ತಲೆ ಎತ್ತದೆಯೇ "ಮಾರೋದಿಲ್ಲ" ಅನ್ನುತ್ತಾರೆ. ನಿಂತವನು ಹಾಲಿನ ಹುಡುಗ. ಹೋದ ತಿಂಗಳ ಬಾಕಿ ಕೇಳಲು ಬಂದಿರುತ್ತಾನೆ.

ಕಾರಿನ ವಂಶಾವಳಿ ಅವರಿಗೆ ತಮ್ಮ ಗೋತ್ರ ಪ್ರವರಕ್ಕಿಂತ ಚೆನ್ನಾಗಿ ಬಾಯಿಗೆ ಬರುತ್ತದೆ: ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ ತ್ರೀ, ಅಲ್ಲಿಂದ ಬಂಗಾಳದ ಉತ್ತರಪಾರಾ, 1489 ಸಿಸಿ ಎಂಜಿನ್. 2014ರಲ್ಲಿ ಆ ಕಾರ್ಖಾನೆ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿದಾಗ ರಾಯರು ಒಪ್ಪತ್ತು ಮಾಡಿದರಂತೆ. ಮೈಲೇಜು ಎಷ್ಟು ಅಂತ ಮಾತ್ರ ಅವರನ್ನು ಯಾರೂ ಕೇಳಬಾರದು.

ಹೆಡ್‌ಲೈಟ್ ಮಂದ ಅನ್ನುವುದನ್ನು ರಾಯರು ಬಹಳ ವರ್ಷ ಒಪ್ಪಲೇ ಇಲ್ಲ. "ಮಂದ ಅಲ್ಲ, ಸೌಮ್ಯ. ಎದುರಿಗೆ ಬರೋನ ಕಣ್ಣಿಗೆ ಚುಚ್ಚಬಾರದು ಅನ್ನೋ ಮರ್ಯಾದೆ ಆ ಕಾಲದಲ್ಲಿತ್ತು" ಎನ್ನುತ್ತಿದ್ದರು. ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಅವರದು ಒಂದೇ ಉಪಾಯ: ಮುಂದೆ ಹೋಗುವ ಯಾವುದಾದರೂ ಕೆಂಪು ಬಸ್ಸಿನ ಹಿಂದಿನ ದೀಪ ಹಿಡಿದುಕೊಂಡು ಹೋಗುವುದು. ಹಾಸನದ ಗೃಹಪ್ರವೇಶ ಮುಗಿಸಿ ಬರುವಾಗ ಹಾಗೇ ಬಂದರು. ಬಸ್ಸು ಎಡಕ್ಕೆ ತಿರುಗಿತು, ಇವರೂ ತಿರುಗಿದರು. ಬಸ್ಸು ನಿಂತಿತು, ಇವರೂ ನಿಂತರು. ಅದು ಚನ್ನರಾಯಪಟ್ಟಣದ ಬಸ್ ನಿಲ್ದಾಣ, ಪ್ಲಾಟ್‌ಫಾರಂ. ಗಂಟು ಹಿಡಿದ ಅಜ್ಜಿಯೊಬ್ಬರು ಹಿಂದಿನ ಬಾಗಿಲು ತೆಗೆದು "ಕುಣಿಗಲ್ಲಿಗೆ ಹೋಯ್ತದಾ ಸಾಮಿ?" ಅಂದರು. ರಾಯರ ಹೆಂಡತಿ ಕೂತಲ್ಲಿಂದಲೇ, "ಹತ್ತಿಸ್ಕೊಳ್ರೀ, ಪೆಟ್ರೋಲಿನ ಕಾಸಾದ್ರೂ ಹುಟ್ಟುತ್ತೆ" ಅಂದರು.

ಮಾರನೇ ದಿನದಿಂದ ಬೆಳಕಿನ ಚಳವಳಿ ಶುರು.

ಈ ಜಾತಿಯ ಮನುಷ್ಯರಿಗೆ ಸಲಹೆ ಕೊಡುವವರಿಗೆ ಬರವಿಲ್ಲ. ಎದುರು ಮನೆಯವರು, ನೂರು ವಾಟಿನ ಬಲ್ಬು ಹಾಕಿಸಿ ಅಂದರು. ಹಾಕಿದರೆ ಹಳೇ ಹೋಲ್ಡರ್ ಕರಗಿ, ವೈರಿನ ಬುಡದಲ್ಲಿ ಹೊಗೆ ಏಳುತ್ತದೆ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿ ಹುಡುಗ ನೀಲಿ ಮಿಶ್ರಿತ ಬಿಳಿ ಎಲ್‌ಇಡಿ ತೆಗೆದಿಟ್ಟ. ರಾಯರು ಕೌಂಟರಿಗೆ ಮೊಣಕೈ ಊರಿದರು. ಈ ದೀಪದ ರಿಫ್ಲೆಕ್ಟರನ್ನೂ ಗಾಜಿನ ಮೇಲಿನ ಗೀರುಗಳನ್ನೂ ಲೆಕ್ಕ ಹಾಕಿ ಮಾಡಿರುವುದು ಬಲ್ಬಿನೊಳಗಿನ ತಂತಿ ಇಂಥದೇ ಜಾಗದಲ್ಲಿ ಉರಿಯುತ್ತದೆ ಅಂತ. ನಿನ್ನ ಎಲ್‌ಇಡಿಯ ಬೆಳಕು ಹುಟ್ಟುವ ಜಾಗವೇ ಬೇರೆಯಾದರೆ ಅದು ರಸ್ತೆಗೆ ಬೀಳದೆ ಎದುರಿನವನ ಮುಖಕ್ಕೂ ಮರದ ತುದಿಗೂ ಚೆಲ್ಲುತ್ತದೆ. ಇಷ್ಟನ್ನು ಹೇಳಿ ಮುಗಿಸುವ ಹೊತ್ತಿಗೆ ಹಿಂದೆ ನಿಂತಿದ್ದ ಗಿರಾಕಿಗಳೆಲ್ಲ ಪಕ್ಕದಂಗಡಿಗೆ ಹೋಗಿದ್ದರು. ರಾಯರು ಹೇಳುವುದು ಸಾಮಾನ್ಯವಾಗಿ ಸರಿಯೇ ಇರುತ್ತದೆ. ಅವರೊಂದಿಗಿನ ಕಷ್ಟವೇ ಅದು.

ರೋಗ ಹಿಡಿದದ್ದು ಶಿವಾಜಿನಗರದ ಎಲೆಕ್ಟ್ರೀಷಿಯನ್ ಭಾಯಿ. ದೀಪ ಹೊತ್ತಿಸಿಕೊಂಡೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಗೆ ಮುಟ್ಟಿಸಿದರು, ಹನ್ನೆರಡು ವೋಲ್ಟ್ ಚಿಲ್ಲರೆ. ಬಲ್ಬಿನ ಹತ್ತಿರ ಮುಟ್ಟಿಸಿದರೆ ಹತ್ತೂವರೆಗೂ ಏದುಸಿರು. "ಬಲ್ಬು ಏನ್ ಮಾಡ್ತದೆ ಸಾರ್, ಕರೆಂಟೆಲ್ಲ ದಾರೀಲೇ ಹೋಗ್ತಾ ಇದೆ. ಅರ್ತೂ ಇಲ್ಲ" ಅಂದರು. ನಿಜ. ಬ್ಯಾಟರಿಯಿಂದ ಹೊರಟ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಬಂದು, ಅಲ್ಲಿಂದ ಕ್ಲಚ್ಚಿನ ಪಕ್ಕ ಎಡಗಾಲಲ್ಲಿ ಒತ್ತುವ ಡಿಪ್ಪರಿಗೆ ಇಳಿದು, ಮತ್ತೆ ಮುಂದಕ್ಕೆ ಹೋಗಿ ದೀಪ ಸೇರಬೇಕು. ಅರ್ಧ ಶತಮಾನದ ಸಣ್ಣ ವೈರು, ಮಳೆಗಾಲದ ಷೂ ಕೆಸರನ್ನೆಲ್ಲ ಕುಡಿದ ಡಿಪ್ಪರು. ಅರ್ತಿನ ಸ್ಕ್ರೂ ಬಿಚ್ಚಿದರೆ ಅಂಗೈಗೆ ತುಕ್ಕಿನ ಪುಡಿ ಉದುರಿತು. ವೋಲ್ಟೇಜು ಹತ್ತು ಪರ್ಸೆಂಟ್ ಇಳಿದರೆ ಬೆಳಕು ಹತ್ತಲ್ಲ, ಮೂವತ್ತು ಪರ್ಸೆಂಟ್ ಇಳಿಯುತ್ತದೆ. ಇಂಗ್ಲಿಷ್ ಕಾರುಗಳ ಯಜಮಾನರೇ ಅವುಗಳ ವಿದ್ಯುತ್ ಸಾಮಾನು ಮಾಡುತ್ತಿದ್ದ ಕಂಪನಿಯ ಮೂಲಪುರುಷ ಜೋಸೆಫ್ ಲೂಕಾಸನಿಗೆ 'ಕತ್ತಲ ರಾಜಕುಮಾರ' ಅಂತ ಅಡ್ಡಹೆಸರಿಟ್ಟಿದ್ದರು. ಪಾಪ, ಆ ಮನುಷ್ಯ ಬರ್ಮಿಂಗ್‌ಹ್ಯಾಮಿನಲ್ಲಿ ಸೀಮೆಎಣ್ಣೆ ಮಾರಿ ಮೇಲೆ ಬಂದವನು. ಅಡ್ಡಹೆಸರಿನ ಸುದ್ದಿ ತಿಳಿದ ಮೇಲೆ ರಾಯರಿಗೆ ತಮ್ಮ ದೀಪದ ಬಗ್ಗೆ ಒಂದು ಬಗೆಯ ಗೌರವವೇ ಬಂತು: ದೋಷವೂ ಒರಿಜಿನಲ್ಲೇ!

ಔಷಧ ಎರಡು ರಿಲೇ, ಹೈ ಬೀಮಿಗೊಂದು, ಲೋ ಬೀಮಿಗೊಂದು. ಬ್ಯಾಟರಿಯಿಂದ ಫ್ಯೂಸ್ ಹಾಕಿ ದಪ್ಪ ವೈರಿನಲ್ಲಿ ಕರೆಂಟು ನೇರ ದೀಪಕ್ಕೆ. ಹಳೇ ಸ್ವಿಚ್ಚು ರಿಲೇಗೆ ಹೂಂ ಅಂದರೆ ಸಾಕು. ರಾಯರು ಮನೆಯಾಕೆಗೆ ವಿವರಿಸಿದರು: "ನೋಡೇ, ಯಜಮಾನ ಕೂತಲ್ಲಿಂದ ಕಣ್ಸನ್ನೆ ಮಾಡ್ತಾನೆ, ಮೂಟೆ ಹೊರೋದು ಆಳು. ಆ ಆಳೇ ರಿಲೇ."

"ಈ ಮನೇಲಿ ರಿಲೇ ಯಾರು ಅಂತ ನನಗೆ ಚೆನ್ನಾಗಿ ಗೊತ್ತು" ಅಂತ ಅವರು ಒಲೆ ಕಡೆ ತಿರುಗಿದರು.

ಭಾಯಿ ಅರ್ಧ ದಿನದಲ್ಲಿ ಮುಗಿಸಬೇಕಾದ ಕೆಲಸ ಎಳೆದಾಡಿತು. ರಿಲೇ ಬೇಕು, ಕಾಣಬಾರದು. ವೈರು ಹೊಸದಾಗಬೇಕು, ಹೊಸದರ ಹಾಗೆ ಹೊಳೆಯಬಾರದು. ಹೆಡ್‌ಲೈಟೊಳಗೆ ಎಚ್‌4 ಹ್ಯಾಲೊಜೆನ್, 60/55 ವಾಟ್. ಹೊರಗೆ ಮಾತ್ರ ಹಳೇ ಕ್ರೋಮ್ ಬಳೆ. ಬಿಚ್ಚಿದ ಹಳೇ ವೈರು, ಬಲ್ಬು, ತುಕ್ಕು ಹಿಡಿದ ಆ ಸ್ಕ್ರೂವನ್ನೂ ಸೇರಿಸಿ ಪೇಪರಿನಲ್ಲಿ ಸುತ್ತಿ, ತಾರೀಖು ಬರೆದು ಅಟ್ಟಕ್ಕೇರಿಸಿದರು. ಅಟ್ಟದಲ್ಲಿ ಇನ್ನೊಂದು ಅಂಬಾಸಿಡರಿಗೆ ಆಗುವಷ್ಟು ಸಾಮಾನಿದೆ ಎನ್ನುವುದು ಅವರ ಮಗನ ಅಂದಾಜು.

ಆಮೇಲೆ ಫೋಕಸ್. ಇಪ್ಪತ್ತೈದು ಅಡಿ ದೂರದಲ್ಲಿ ಗೋಡೆ ಬೇಕು; ಅಷ್ಟು ದೂರಕ್ಕೆ ಸಿಗುವುದು ಎದುರು ಮನೆಯವರ ಕಾಂಪೌಂಡ್ ಮಾತ್ರ. ರಾತ್ರಿ ರಾಯರು ಅದರ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೆರೆ, ಉದ್ದಗೆರೆ ಎಳೆದು, ದೀಪದ ನಡುಮಟ್ಟ ಗುರುತಿಸಿ, ಕಾರಿಗೂ ಗೋಡೆಗೂ ಸ್ಕ್ರೂಡ್ರೈವರ್ ಹಿಡಿದು ಓಡಾಡಿದರು. ಬೆಳಿಗ್ಗೆ ಎದುರು ಮನೆಯಾಕೆ ಹೊರಗೆ ಬಂದು ನೋಡಿ, ಯಾರೋ ಮಾಟ ಮಾಡಿಸಿದ್ದಾರೆ ಅಂತ ಗೋಡೆಗೆ ಗೋಮೂತ್ರ ಚಿಮುಕಿಸಿದರು.

ದೀಪವೇನೋ ಅದ್ಭುತವಾಗಿ ಬಂತು. ಬೀದಿಯ ಕೊನೆಯ ಹಂಪೂ, ಅದರಾಚೆ ಮಲಗಿದ್ದ ನಾಯಿಯ ಕಿವಿಯೂ ಕಾಣಿಸಿತು. ರಾಯರು ರಿಂಗ್ ರೋಡಿನವರೆಗೂ ಹೋದರು. ಸಿಗ್ನಲಿನಲ್ಲಿ ಕಾರು ನಿಂತಿತು. ದೀಪ ನಿಧಾನವಾಗಿ ಹಳದಿಗಿಳಿಯಿತು, ಡ್ಯಾಶ್‌ಬೋರ್ಡಿನಲ್ಲಿ ಚಾರ್ಜಿಂಗಿನ ಕೆಂಪು ದೀಪ ಕಣ್ಣು ಬಿಟ್ಟಿತು. ಹಳೇ ಡೈನಮೊ ಓಡುವಾಗ ಇಪ್ಪತ್ತೆರಡು ಆಂಪಿಯರ್ ಕೊಟ್ಟೀತು, ನಿಂತಾಗ ಹೆಚ್ಚುಕಡಿಮೆ ಸೊನ್ನೆ. ಹೈ ಬೀಮಿನ ಎರಡು ಹೆಡ್‌ಲೈಟಿಗೇ ಹತ್ತು ಆಂಪಿಯರ್. ಬೆಂಗಳೂರಿನಲ್ಲಿ ಕಾರು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು.

ಆಲ್ಟರ್ನೇಟರ್ ಹಾಕಿದರೆ ಮುಗಿಯಿತಲ್ಲ ಅಂತ ಭಾಯಿ ಅಂದದ್ದಕ್ಕೆ ರಾಯರು ಮೂರು ದಿನ ಅವರ ಫೋನ್ ಎತ್ತಲಿಲ್ಲ. ಕೊನೆಗೆ, ಹೊರಗಿನಿಂದ ಥೇಟ್ ಡೈನಮೊ, ಒಳಗೆ ಆಲ್ಟರ್ನೇಟರ್ ಇರುವಂಥದ್ದು ಇಂಗ್ಲೆಂಡಿನಲ್ಲಿ ಸಿಗುತ್ತದೆ ಅಂತ ಪತ್ತೆ ಮಾಡಿದರು. ಬೆಲೆ ಎಷ್ಟೆಂದು ಮನೆಯಲ್ಲಿ ಹೇಳಿಲ್ಲ. ಪಾರ್ಸಲ್ ಸದ್ಯ ಕಸ್ಟಮ್ಸ್‌ನಲ್ಲಿದೆ.

ಹೋದ ವಾರ ತುಮಕೂರಿನ ಮದುವೆಗೆ ಕರೆಯೋಲೆ ಬಂತು. ರಾಯರು ವಧೂವರರ ಹೆಸರು ಓದಲಿಲ್ಲ, ಛತ್ರದ ವಿಳಾಸ ನೋಡಲಿಲ್ಲ. ಕನ್ನಡಕ ಏರಿಸಿ ನೇರ ಮುಹೂರ್ತದ ಸಾಲಿಗೆ ಬೆರಳಿಟ್ಟು ಹೆಂಡತಿಗೆ ಹೇಳಿದರು: "ಆರತಕ್ಷತೆ ಬೇಡ ಕಣೇ, ಧಾರೆಗೇ ಹೋಗಿಬಿಡೋಣ. ಊಟ ಆದ ತಕ್ಷಣ ಹೊರಡಬೇಕು, ತಾಂಬೂಲಕ್ಕೆ ಅಂತ ಕೂರಬೇಡ."