ಬೇಲಿ ಎದ್ದು ನಿದ್ದೆ ಮೇಯ್ದರೆ

ಬೇಲಿಯೇ ಎದ್ದು ಹೊಲ ಮೇಯ್ದದ್ದು ಹಳೆಯ ಗಾದೆ. ಹೈದರಾಬಾದಿನ ಮಿಯಾಪುರದಲ್ಲಿ ಈಗ ಅದು ಮೇಯುವುದು ನಿದ್ದೆಯನ್ನು. ಇಲ್ಲಿ ಅಪಾರ್ಟ್‌ಮೆಂಟಿಗೊಂದು ಗೋಡೆ, ಗೋಡೆಗೆ ವಿದ್ಯುತ್ ತಂತಿಬೇಲಿ, ಬೇಲಿಗೊಂದು ಸೈರನ್.

ಎನರ್ಜೈಸರ್ ಎಂಬ ಪೆಟ್ಟಿಗೆ ಸೆಕೆಂಡಿಗೆ ಸುಮಾರು ಒಂದರಂತೆ ತಂತಿಗೆ ಸಾವಿರಾರು ವೋಲ್ಟಿನ ಮಿಡಿತ ಕಳಿಸುತ್ತದೆ. ಆ ಮಿಡಿತ ಸುತ್ತು ಹಾಕಿ ಸರಿಯಾಗಿ ಹಿಂದಿರುಗದಿದ್ದರೆ ಸೈರನ್ ಕಿರುಚುತ್ತದೆ. ಕಳ್ಳ ತಂತಿ ಕತ್ತರಿಸಿದರೂ ಅಷ್ಟೇ, ಮಳೆಯಲ್ಲಿ ನೆನೆದ ಬೇವಿನ ರೆಂಬೆ ತಂತಿಗೆ ಒರಗಿದರೂ ಅಷ್ಟೇ. ಯಂತ್ರಕ್ಕೆ ಇಬ್ಬರೂ ಒಂದೇ.

ಟೆಸ್ಟಿಂಗ್ ದಿನವಂತೂ ಜಾತ್ರೆ. ಟೆಕ್ನಿಷಿಯನ್ ಮೀಟರ್ ಹಿಡಿದು ವೋಲ್ಟೇಜ್ ಅಳೆಯುತ್ತಾನೆ, ತಂತಿಯನ್ನು ಅರ್ತ್‌ಗೆ ತಾಗಿಸುತ್ತಾನೆ, ಕರೆಂಟ್ ತೆಗೆದು ಬ್ಯಾಟರಿ ನೋಡುತ್ತಾನೆ. "ಒಮ್ಮೆ ಮುಟ್ಟಿ ತೋರಿಸಪ್ಪಾ" ಎನ್ನುತ್ತಾರೆ ನಿವೃತ್ತ ರಾಯರು, ಎರಡು ಹೆಜ್ಜೆ ಹಿಂದೆ ಸರಿದು. ಸೈರನ್ ಮೊಳಗಿದರೂ ಒಂದು ಕಿಟಕಿಯೂ ತೆರೆಯುವುದಿಲ್ಲ. ವಾಚ್‌ಮನ್ ಕುರ್ಚಿಯಿಂದಲೇ ತೀರ್ಪು ಕೊಡುತ್ತಾನೆ: "ಏಮೀ ಲೇದು ಸಾರ್, ಪಿಲ್ಲಿ!" ಅಂದರೆ, ಏನೂ ಇಲ್ಲ, ಬೆಕ್ಕು.

ಯಂತ್ರ ಪಾಸಾಯಿತು, ಫೇಲಾದವರು ನಾವು. ಸುಳ್ಳು ಕೂಗು ಹೆಚ್ಚಿದಷ್ಟೂ ನಿಜವಾದ ಕೂಗಿಗೆ ಕಿವಿ ಕಡಿಮೆ. ಆದ್ದರಿಂದ ಕಮಿಟಿಯವರೇ, ಹೊಸ ಸೈರನ್ನಿಗೆ ಕೊಟೇಷನ್ ತರಿಸುವ ಮುಂಚೆ ಮಾಲಿಯನ್ನು ಕರೆಸಿ ರೆಂಬೆ ಕಡಿಸಿ. ಸೈರನ್ ಕೂಗಿದಾಗ ಯಾರು ಎದ್ದು ಹೋಗಬೇಕು ಎನ್ನುವುದನ್ನೂ ಅಂದೇ ಗೊತ್ತುಮಾಡಿ.