ಜೀರ್ಣಗೃಹವಾಸ ಮೀಮಾಂಸೆ: ಒಡೆಯುವ ಮನೆಯಲ್ಲಿ ಒಡೆಯನ ಸ್ಥಿತಿಗತಿ

ಸ್ವಂತ ಮನೆಯನ್ನು ಒಡೆದು ಸರಿಪಡಿಸುವ ಅವಧಿಯಲ್ಲಿ ಅದೇ ಮನೆಯೊಳಗೆ ಊಟ, ನಿದ್ರೆ, ಸ್ನಾನ, ಕಚೇರಿಯ ಕೆಲಸ ಮತ್ತು ದಾಂಪತ್ಯಗಳನ್ನು ಏಕಕಾಲಕ್ಕೆ ನಡೆಸುವ ಮಾನವವರ್ತನೆಗೆ ಪ್ರಸ್ತುತ ಪ್ರಬಂಧದಲ್ಲಿ ‘ಜೀರ್ಣಗೃಹವಾಸ’ ಎಂಬ ಹೆಸರನ್ನು ಬಳಸಲಾಗಿದೆ. ಮನೆ ಕಟ್ಟುವುದನ್ನೂ ಮದುವೆ ಮಾಡುವುದನ್ನೂ ಒಂದೇ ತಕ್ಕಡಿಗೆ ಹಾಕಿದ ಗಾದೆಯನ್ನು ಈ ವಿಷಯದಲ್ಲಿ ಪ್ರಮಾಣವಾಗಿ ಒಪ್ಪಲಾಗದು. ಏಕೆಂದರೆ ಹೊಸ ಮನೆ ಕಟ್ಟಿಸುವವನು ಬೇರೆಡೆ ನೆಮ್ಮದಿಯಾಗಿ ಉಂಡು ಮಲಗಿ, ಸಂಜೆ ಬಂದು ಗೋಡೆ ಎಷ್ಟು ಎದ್ದಿದೆಯೆಂದು ನೋಡಿಕೊಂಡು ಹೋಗುವ ಪ್ರೇಕ್ಷಕನು. ಜೀರ್ಣಗೃಹವಾಸಿಯಾದರೋ ಗೋಡೆ ಬೀಳುವಾಗ ಅದರ ಇನ್ನೊಂದು ಮಗ್ಗುಲಲ್ಲಿ ಕುಳಿತು ಉಪ್ಪಿಟ್ಟು ತಿನ್ನುತ್ತಿರುವವನು.

ಪೂರ್ವಸೂರಿಗಳು ಈ ವಿಷಯವನ್ನು ಎಲ್ಲಿಯಾದರೂ ಚರ್ಚಿಸಿದ್ದಾರೆಯೇ ಎಂದು ನೋಡಿದರೆ ನಿರಾಶೆಯೇ ಹೆಚ್ಚು. ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’, ಹನ್ನೊಂದನೆಯ ಶತಮಾನದ ಭೋಜರಾಜನ ‘ಸಮರಾಂಗಣಸೂತ್ರಧಾರ’, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಈ ಮೂರೂ ಮನೆಯ ವಿಷಯವನ್ನು ಬಲ್ಲ ಗ್ರಂಥಗಳೇ. ಆದರೆ ಅಡುಗೆಮನೆ ಆಗ್ನೇಯದಲ್ಲಿರಬೇಕೆಂದು ಸಾರುವ ವಾಸ್ತುಶಾಸ್ತ್ರವು, ಆಗ್ನೇಯದ ಕೋಣೆಗೆ ನೆಲವೇ ಇಲ್ಲದ ಹದಿನೈದು ದಿನ ಒಲೆಯನ್ನು ಎಲ್ಲಿಡಬೇಕೆಂಬ ಪ್ರಶ್ನೆ ಬಂದಾಗ ಮೌನ ವಹಿಸುತ್ತದೆ. ವರಾಹಮಿಹಿರನು ವಜ್ರಲೇಪವೆಂಬ ಅಂಟನ್ನು ಮಾಡುವ ಬಗೆಯನ್ನು, ಅಂದರೆ ಬೇಲದ ಕಾಯಿ, ಬೂರುಗದ ಹೂವು ಮೊದಲಾದವನ್ನು ಒಂದು ದ್ರೋಣ ನೀರಿನಲ್ಲಿ ಎಂಟನೆಯ ಒಂದು ಪಾಲಿಗೆ ಇಳಿಯುವವರೆಗೆ ಕುದಿಸುವ ಕ್ರಮವನ್ನು, ವಿವರವಾಗಿ ಹೇಳಿ, ಬಿಸಿಯಾಗಿ ಗೋಡೆಗೆ ಬಳಿದರೆ ಅದು ಒಂದು ಕೋಟಿ ವರ್ಷ ನಿಲ್ಲುವುದೆಂದು ಭರವಸೆ ಕೊಟ್ಟಿದ್ದಾನೆ. ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡುವವರು ಈ ಶಾಸ್ತ್ರದ ಉಳಿದ ಭಾಗವನ್ನು ಮರೆತಿದ್ದರೂ ಭರವಸೆ ಕೊಡುವ ಭಾಗವನ್ನು ಇಂದಿಗೂ ಉಳಿಸಿಕೊಂಡು ಬಂದಿದ್ದಾರೆ.

ಪ್ರಬಂಧದ ಮುಖ್ಯ ಪ್ರತಿಪಾದನೆಗೆ ಆಧಾರ ದೊರೆಯುವುದು ಗೃಹವಾಸ್ತುವಿನಲ್ಲಲ್ಲ, ದೇವಾಲಯದ ಪದ್ಧತಿಯಲ್ಲಿ. ಗುಡಿಯ ಜೀರ್ಣೋದ್ಧಾರ ಆರಂಭವಾಗುವ ಮೊದಲು ಮೂಲಬಿಂಬದಲ್ಲಿರುವ ದೈವೀಶಕ್ತಿಯನ್ನು ಮಂತ್ರಪೂರ್ವಕವಾಗಿ ಕಲಶಕ್ಕೆ ಸೆಳೆದುಕೊಳ್ಳುತ್ತಾರೆ; ಇದಕ್ಕೆ ಕಲಾಕರ್ಷಣವೆಂದು ಹೆಸರು. ಬಳಿಕ ಆ ಶಕ್ತಿಯನ್ನು ಪಕ್ಕದಲ್ಲೇ ಕಟ್ಟಿದ ತಾತ್ಕಾಲಿಕ ಪುಟ್ಟ ಗುಡಿಯಲ್ಲಿ ನೆಲೆಗೊಳಿಸುತ್ತಾರೆ, ಇದು ಬಾಲಾಲಯ. ಕೆಲಸ ಮುಗಿದು ಪುನಃಪ್ರತಿಷ್ಠೆಯಾಗುವವರೆಗೂ ದೇವರಿಗೆ ಪೂಜೆ ನೈವೇದ್ಯಗಳೆಲ್ಲ ಅಲ್ಲಿಯೇ. ಸರ್ವಶಕ್ತನೂ ಸರ್ವವ್ಯಾಪಿಯೂ ಆದ ದೇವರೇ ತನ್ನ ಮನೆಯ ರಿಪೇರಿ ನಡೆಯುವಾಗ ಒಳಗೆ ಇರುವುದಿಲ್ಲ ಎಂಬುದು ಇದರಿಂದ ಸಿದ್ಧವಾಗುತ್ತದೆ. ಹಾಗಿರುವಾಗ ಅಸ್ತಮಾ ಇರುವ ಅತ್ತೆಯನ್ನೂ ಹತ್ತನೆಯ ತರಗತಿಯ ಪರೀಕ್ಷೆಗೆ ಓದುತ್ತಿರುವ ಮಗಳನ್ನೂ ಕಟ್ಟಿಕೊಂಡು ಗೃಹಸ್ಥನು ಏಕೆ ಒಳಗೇ ಉಳಿಯುತ್ತಾನೆ ಎಂಬುದು ವಿಚಾರಾರ್ಹ. ಬೆಂಗಳೂರಿನಲ್ಲಿ ಬಾಡಿಗೆಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಹಳೆಯ ರೂಢಿ ಒಂದು ಕಾರಣವಾದರೆ, ಕಣ್ಣೆದುರಿಗೆ ನಿಲ್ಲದಿದ್ದರೆ ಕೆಲಸ ಕೆಡುತ್ತದೆಂಬ ನಂಬಿಕೆ ಇನ್ನೊಂದು. ಎರಡನೆಯ ಕಾರಣವು ದುರ್ಬಲ. ರಸಮಟ್ಟವನ್ನು, ಅಂದರೆ ಗಾಜಿನ ಕೊಳವೆಯೊಳಗಿನ ಗುಳ್ಳೆಯಿಂದ ನೆಲ ಸಮವಾಗಿದೆಯೇ ಎಂದು ತಿಳಿಸುವ ಸಾಧನವನ್ನು, ತಲೆಕೆಳಗಾಗಿ ಹಿಡಿದರೂ ಗುರುತಿಸಲಾರದ ಯಜಮಾನನು ಕಣ್ಣೆದುರಿಗೆ ನಿಂತು ಕಾಪಾಡಬಹುದಾದದ್ದು ಏನೂ ಇಲ್ಲ.

ಹೊರಗೆ ಬಾಲಾಲಯವಿಲ್ಲದ ಈ ಗೃಹಸ್ಥನು ಅದನ್ನು ಮನೆಯೊಳಗೇ ಕಲ್ಪಿಸಿಕೊಳ್ಳುತ್ತಾನೆ. ಗೃಹಿಣಿಯ ನೇತೃತ್ವದಲ್ಲಿ ನಡೆಯುವ ಕಲಾಕರ್ಷಣದಲ್ಲಿ ಅಡುಗೆಮನೆಯ ಶಕ್ತಿಯೆಲ್ಲ ಎರಡು ಉರಿಯ ಗ್ಯಾಸ್ ಒಲೆಯೊಂದಕ್ಕೆ ಇಳಿದು, ಆ ಒಲೆ ಹಾಲ್‌ನಲ್ಲಿ ಟಿವಿಯ ಪಕ್ಕಕ್ಕೆ ಬಂದು ನೆಲೆಸುತ್ತದೆ. ಫ್ರಿಜ್ ಮಲಗುವ ಕೋಣೆಯಲ್ಲಿ ಮಂಚಕ್ಕೆ ಒತ್ತಿಕೊಂಡು ನಿಂತು ರಾತ್ರಿಯಿಡೀ ಗೊರಕೆ ಹೊಡೆಯುತ್ತದೆ. ಪಾತ್ರೆ ತೊಳೆಯುವ ಸ್ಥಾನವು ತಾರಸಿಯ ನಲ್ಲಿಗೆ ವರ್ಗವಾಗುತ್ತದೆ. ಉಳಿದ ಸಾಮಾನು ರಟ್ಟಿನ ಪೆಟ್ಟಿಗೆಗಳನ್ನು ಸೇರುತ್ತದೆ. ಮೊದಲ ನಾಲ್ಕಾರು ಪೆಟ್ಟಿಗೆಗಳ ಮೇಲೆ ಒಳಗಿರುವ ವಸ್ತುಗಳ ಹೆಸರನ್ನು ದುಂಡಾದ ಅಕ್ಷರಗಳಲ್ಲಿ ಬರೆಯುವುದೂ, ಆಮೇಲಿನ ಎಲ್ಲದರ ಮೇಲೆ ‘ಇತರೆ’ ಎಂದಷ್ಟೇ ಗೀಚುವುದೂ ಎಲ್ಲ ಮನೆಗಳಲ್ಲಿ ಕಂಡುಬರುವ ಲಕ್ಷಣ. ಉಪ್ಪು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆಗೂ, ಮನೆಯ ಕ್ರಯಪತ್ರ ಒಗ್ಗರಣೆ ಡಬ್ಬಿಯ ಜೊತೆಗೂ ಸಹವಾಸ ಮಾಡುವುದು ಈ ಕಾಲದಲ್ಲಿಯೇ.

ಕೆಲಸವು ಹಬ್ಬುವ ಬಗೆಯನ್ನು ವಿವರಿಸಲು ಲೌಕಿಕ ನ್ಯಾಯಗಳ, ಎಂದರೆ ಲೋಕದ ಅನುಭವವನ್ನು ಸೂತ್ರವಾಗಿ ಹೇಳುವ ಮಾತುಗಳ, ಪಟ್ಟಿಗೆ ಹೊಸದೊಂದನ್ನು ಸೇರಿಸಬೇಕಾಗಿದೆ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಗುವುದು ಕಾಕತಾಳೀಯ ನ್ಯಾಯವಾದರೆ, ಸೋರುವ ನಲ್ಲಿಯಿಂದ ಶುರುವಾದ ಕೆಲಸ ಇಡೀ ಮನೆಯನ್ನು ನುಂಗುವುದು ‘ಹೇಗೂ ನ್ಯಾಯ’. ನಲ್ಲಿಯ ಹಿಂದಿನ ಪೈಪು ತುಕ್ಕು ಹಿಡಿದಿದೆಯೆಂದು ಗೋಡೆ ಒಡೆಯಲಾಗುತ್ತದೆ. ಒಡೆದ ಟೈಲ್ಸಿಗೆ ಹೊಂದುವ ಟೈಲ್ಸು ಅಂಗಡಿಯಲ್ಲಿ ನಿಂತುಹೋಗಿರುವುದರಿಂದ ಬಚ್ಚಲುಮನೆಯ ಎಲ್ಲ ಗೋಡೆಗಳನ್ನೂ ಬದಲಿಸಬೇಕಾಗುತ್ತದೆ. ಆಗ “ಹೇಗೂ ಒಡೀತಿದ್ದೀವಲ್ಲ, ಅಡುಗೆಮನೆ ಕಡಪ ಕಲ್ಲನ್ನೂ ತೆಗೆಸಿ ಗ್ರಾನೈಟ್ ಹಾಕಿಸಿಬಿಡೋಣ ಕಣ್ರೀ” ಎಂಬ ಸೂತ್ರವಾಕ್ಯ ಹೊರಡುತ್ತದೆ. ಈ ನ್ಯಾಯಕ್ಕೆ ಬಲಿಯಾದವುಗಳಲ್ಲಿ ಪ್ರಬಂಧವು ಹಾಸ್ಯವನ್ನು ಬದಿಗಿಟ್ಟು ದುಃಖಿಸುವುದು ಒಂದಕ್ಕೆ ಮಾತ್ರ: ಮೈಸೂರು, ಬೆಂಗಳೂರಿನ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ. ದಶಕಗಳ ಕಾಲ ಕಾಲಡಿಯಲ್ಲಿ ಸವೆದು ಕನ್ನಡಿಯಾದ, ಬೇಸಿಗೆಯಲ್ಲಿ ಚಾಪೆಯಿಲ್ಲದೆ ಮಲಗಬಹುದಾದ ಆ ಕೆಂಪು ನೆಲವನ್ನು ‘ಹೇಗೂ’ ಎಂದು ಅಗೆದು ಹಾಕಿ, ಒದ್ದೆ ಕಾಲಿಗೆ ಜಾರುವ ಎರಡಡಿ ಚೌಕದ ಟೈಲ್ಸನ್ನು ಕೂರಿಸುವುದು ಹಣ ಕೊಟ್ಟು ಬಡತನವನ್ನು ಕೊಂಡಂತೆ. ಅದನ್ನು ಹದವಾಗಿ ತಿಕ್ಕಿ ಹೊಳಪು ತರಬಲ್ಲ ಗಾರೆಯವರೂ ಈಗ ವಿರಳ.

ಕಾಲಗಣನೆಯ ವಿಚಾರಕ್ಕೆ ಬಂದರೆ, ಕನ್ನಡನಾಡಿನ ಪಂಚಾಂಗಗಳು ಬಲ್ಲವು ಸೌರಮಾನ ಮತ್ತು ಚಾಂದ್ರಮಾನಗಳನ್ನು ಮಾತ್ರ. ಜೀರ್ಣಗೃಹದಲ್ಲಿ ನಡೆಯುವುದು ಮೂರನೆಯದಾದ ಮೇಸ್ತ್ರಿಮಾನ. ಇದರ ಮೂಲಮಾನವಾದ ‘ನಾಳೆ’ ಎಂಬುದು ಸೂರ್ಯೋದಯವನ್ನು ಅವಲಂಬಿಸಿಲ್ಲ. “ಎರಡು ದಿನದ ಕೆಲ್ಸ ಸಾರ್” ಎಂಬಲ್ಲಿನ ದಿನಕ್ಕೆ ಇಪ್ಪತ್ತನಾಲ್ಕು ಗಂಟೆಗಳೆಂಬ ನಿರ್ಬಂಧವಿಲ್ಲ. ಚಾಂದ್ರಮಾನದಲ್ಲಿ ಸುಮಾರು ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ ಬರುವ ಅಧಿಕಮಾಸವು ಮೇಸ್ತ್ರಿಮಾನದಲ್ಲಿ ಯಾವ ತಿಂಗಳ ನಂತರವಾದರೂ ಬರಬಹುದು. ಆಷಾಢದಲ್ಲಿ ಕೆಲಸ ಹಿಡಿಯುವಂತಿಲ್ಲ, ಅಮಾವಾಸ್ಯೆಯಂದು ಗೋಡೆ ಮುಟ್ಟುವಂತಿಲ್ಲ, ಶನಿವಾರ ಬಟವಾಡೆ ಅಂದರೆ ವಾರದ ಕೂಲಿ ಹಂಚುವ ದಿನ, ಭಾನುವಾರ ರಜೆ, ಸೋಮವಾರ ಭಾನುವಾರದ ಶೇಷ. ಆದರೆ ಇದನ್ನು ಮೇಸ್ತ್ರಿಯ ದೋಷವೆಂದು ತೀರ್ಮಾನಿಸುವುದು ಪಕ್ಷಪಾತವಾದೀತು. ರಾಯಚೂರು, ಯಾದಗಿರಿಗಳಿಂದ ಅಥವಾ ಬಿಹಾರ, ಒಡಿಶಾಗಳಿಂದ ಬಂದ ತನ್ನ ಆಳುಗಳಿಗೆ ದಿನವೂ ಕೂಲಿ ಹುಟ್ಟಿಸಬೇಕಾದ ಅವನು, ಬಣ್ಣ ಆರಿಸಲು ವಾರಗಟ್ಟಲೆ ತೆಗೆದುಕೊಳ್ಳುವ ಯಜಮಾನನೊಬ್ಬನನ್ನೇ ನಂಬಿ ಕುಳಿತರೆ ಉಪವಾಸ ಬೀಳುತ್ತಾನೆ. ಆದ್ದರಿಂದಲೇ ಅವನು ಏಕಕಾಲಕ್ಕೆ ಮೂರು ಮನೆಗಳನ್ನು ಒಡೆದಿಟ್ಟಿರುತ್ತಾನೆ.

ಜೀರ್ಣಗೃಹದ ತಾತ್ತ್ವಿಕ ಸ್ವರೂಪವು ಪೂರ್ಣವಾಗಿ ತೆರೆದುಕೊಳ್ಳುವುದು ಬಚ್ಚಲುಮನೆಯಲ್ಲಿ. ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದವರು ಬಲ್ಲಂತೆ ಅಭಾವವು, ಅಂದರೆ ಇಲ್ಲದಿರುವಿಕೆಯು, ನಾಲ್ಕು ಬಗೆ. ವಸ್ತು ಹುಟ್ಟುವುದಕ್ಕೆ ಮುಂಚಿನ ಇಲ್ಲದಿರುವಿಕೆ ಪ್ರಾಗಭಾವ. ಇದಕ್ಕೆ ಆದಿಯಿಲ್ಲ, ಅಂತ್ಯ ಮಾತ್ರ ಉಂಟು. ಹೊಸ ಬಚ್ಚಲಿನ ಸ್ಥಿತಿ ಇದು, ಅಂತ್ಯವುಂಟೆಂಬುದನ್ನು ಶ್ರದ್ಧೆಯಿಂದ ನಂಬಬೇಕು. ನಾಶವಾದ ಮೇಲಿನ ಇಲ್ಲದಿರುವಿಕೆ ಪ್ರಧ್ವಂಸಾಭಾವ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ. ಹಳೆಯ ಬಚ್ಚಲಿನ ಸ್ಥಿತಿ ಇದು. ಈ ಎರಡು ಅಭಾವಗಳ ನಡುವೆ ಗೃಹಸ್ಥನು ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿರುತ್ತಾನೆ. ಮೂರು ಕಾಲಗಳಲ್ಲಿಯೂ ಇಲ್ಲದಿರುವುದು ಅತ್ಯಂತಾಭಾವ. ಪ್ಲಂಬರ್ ಇದಕ್ಕೆ ಉದಾಹರಣೆ, ಫೋನಿನಲ್ಲಿ “ದಾರೀಲಿದೀನಿ ಸಾರ್” ಎಂಬ ಶಬ್ದಪ್ರಮಾಣ ಸಿಗುತ್ತದಾದರೂ ಪ್ರತ್ಯಕ್ಷವು ಅದನ್ನು ಸಮರ್ಥಿಸುವುದಿಲ್ಲ. ಒಂದು ವಸ್ತು ಇನ್ನೊಂದಲ್ಲ ಎಂಬುದು ಅನ್ಯೋನ್ಯಾಭಾವ. ಸೋರಿಕೆ ಪತ್ತೆಯಾದಾಗ ಅದು ಗಾರೆಯ ಕೆಲಸವೆಂದು ಪ್ಲಂಬರನೂ, ಪೈಪಿನ ಕೆಲಸವೆಂದು ಮೇಸ್ತ್ರಿಯೂ, ಇಬ್ಬರದೂ ಅಲ್ಲ ಟೈಲ್ಸಿನವನದೆಂದು ಎಲೆಕ್ಟ್ರಿಷಿಯನ್ನೂ ವಾದಿಸುವಾಗ ಇದು ತನ್ನ ಶುದ್ಧರೂಪದಲ್ಲಿ ಕಾಣಸಿಗುತ್ತದೆ. ಭೂತಲದಲ್ಲಿ, ಅಂದರೆ ನೆಲದ ಮೇಲೆ, ಗಡಿಗೆ ಇಲ್ಲ ಎಂಬುದು ನೈಯಾಯಿಕರ ಹಳೆಯ ಉದಾಹರಣೆ. ಇಲ್ಲಿ ಗಡಿಗೆ ಇದೆ, ಭೂತಲವೇ ಇಲ್ಲ.

ಧೂಳಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಕಿಟಕಿಯ ಬಿಸಿಲುಕೋಲಿನಲ್ಲಿ ಕುಣಿಯುವ ಕಣವನ್ನು ವೈಶೇಷಿಕರು ತ್ರಸರೇಣುವೆಂದು ಕರೆದು ಅದರಲ್ಲಿ ಆರು ಪರಮಾಣುಗಳಿವೆಯೆಂದರು. ಮಾರ್ಬಲ್ ಕತ್ತರಿಸುವ ಯಂತ್ರವಿಲ್ಲದ ಕಾಲದವರಾದ್ದರಿಂದ ಎಣಿಸಲು ಅವರಿಗೆ ಪುರುಸೊತ್ತಿತ್ತು. ಶಬ್ದದ ವಿಷಯದಲ್ಲಿ, 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿಯನ್ನು ವಿಧಿಸಿವೆ. ಇವನ್ನು ಕಂಠಪಾಠ ಮಾಡಿರುವ ಏಕೈಕ ವ್ಯಕ್ತಿ ಪಕ್ಕದ ಮನೆಯಾತ.

ಈ ಅವಧಿಯಲ್ಲಿ ಕುಟುಂಬಕ್ಕೆ ವಹಿಸಲಾಗುವ ಒಂದೇ ತಾಂತ್ರಿಕ ಜವಾಬ್ದಾರಿ ಕ್ಯೂರಿಂಗ್, ಅಂದರೆ ಹೊಸ ಸಿಮೆಂಟಿಗೆ ನೀರುಣಿಸಿ ಗಟ್ಟಿಮಾಡುವುದು. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆಂದು ಸಾಮಾನ್ಯರು ತಿಳಿದಿದ್ದಾರೆ. ನಿಜದಲ್ಲಿ ಅದು ನೀರಿನೊಡನೆ ರಾಸಾಯನಿಕವಾಗಿ ಕೂಡಿಕೊಂಡು ಗಟ್ಟಿಯಾಗುತ್ತದೆ, ಬೇಗ ಒಣಗಿದರೆ ಬಿರುಕು ಬಿಡುತ್ತದೆ. ಭಾರತೀಯ ಮಾನಕ 456ರ 2000ದ ಆವೃತ್ತಿಯು ಕಾಂಕ್ರೀಟನ್ನು ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಾದರೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ ಕನಿಷ್ಠ 10 ದಿನ ಒದ್ದೆಯಾಗಿಡಬೇಕೆನ್ನುತ್ತದೆ. ಹೀಗಾಗಿ ಮನೆಮಂದಿಗೆ ಸ್ನಾನಕ್ಕೆ ಒಂದು ಬಕೆಟ್ ನೀರು ಸಿಗದ ದಿನವೂ ಗೋಡೆಗೆ ಮೂರು ಹೊತ್ತಿನ ಅಭಿಷೇಕ ತಪ್ಪುವುದಿಲ್ಲ. ನಿವೃತ್ತರಾಗಿ ಮೂಲೆ ಸೇರಿದ್ದ ಅಜ್ಜನ ಕೈಗೆ ಪೈಪು ಬಂದು, ಅವರ ಮಾತಿಗೆ ಮನೆಯಲ್ಲಿ ಮತ್ತೆ ತೂಕ ಬರುವುದನ್ನು ನವೀಕರಣದ ಅಪರೂಪದ ಲಾಭವೆಂದು ದಾಖಲಿಸಬೇಕು.

ಕರಾವಳಿಯ ದೇವಾಲಯಗಳಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಬ್ರಹ್ಮಕಲಶೋತ್ಸವ ನಡೆಸುವ ವಾಡಿಕೆಯುಂಟು. ಗೃಹಸ್ಥನ ಪುನಃಪ್ರತಿಷ್ಠೆಗೆ ಅಂಥ ಅವಧಿಯೂ ಇಲ್ಲ, ಮುಹೂರ್ತವೂ ಇಲ್ಲ. ಒಲೆ ಅಡುಗೆಮನೆಗೆ ಮರಳಿದರೂ ‘ಇತರೆ’ ಪೆಟ್ಟಿಗೆಗಳು ಅಟ್ಟ ಸೇರುತ್ತವೆ, ಬಾಗಿಲೊಂದಕ್ಕೆ ಎರಡನೆಯ ಕೋಟ್ ಬಣ್ಣ ಶಾಶ್ವತವಾಗಿ ಬಾಕಿ ಉಳಿಯುತ್ತದೆ, ಬಾಕಿ ಹಣಕ್ಕಾಗಿ ಮೇಸ್ತ್ರಿಯೂ ಬಾಕಿ ಕೆಲಸಕ್ಕಾಗಿ ಯಜಮಾನನೂ ಹಬ್ಬಹಬ್ಬಕ್ಕೂ ಪರಸ್ಪರ ಶುಭಾಶಯ ಕೋರುತ್ತಿರುತ್ತಾರೆ. ಎರಡು ಬಚ್ಚಲುಮನೆಗಳಿರುವ ಓದುಗರು ಒಂದೊಂದನ್ನಾಗಿ ಒಡೆಸಿಕೊಂಡು ಹೇಗೋ ಬದುಕಿಯಾರು. ಒಂದೇ ಇರುವವರು ಮೇಸ್ತ್ರಿಗೆ ಅಡ್ವಾನ್ಸ್ ಕೊಡುವುದಕ್ಕೆ ಮೊದಲು, ಪಕ್ಕದ ಮನೆಯವರೊಡನೆ ಇರುವ ಹಳೆಯ ಜಗಳಗಳನ್ನೆಲ್ಲ ರಾಜಿ ಮಾಡಿಕೊಳ್ಳತಕ್ಕದ್ದು.